ಮೋಟು ಬೆರಳಿಗೊಂದು ಮ್ಯಾಂಡೋಲಿನ್

ಶನಿವಾರ ಬೆಳಿಗ್ಗೆ ಏಳೂವರೆಗೆ ಯಲಬುರ್ಗಾ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸು ಹತ್ತಿದೆವು. ನನ್ನ ಜೊತೆಗಿದ್ದವಳು ನೆಗೆಣ್ಣಿ ರೇಣುಕಾ, ಭಾವನ ಹೆಂಡತಿ. ನಾನು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಒಟ್ಟಿಗೆ ಎರಡು ದಿನ ರಜೆ ಸಿಕ್ಕಿದ್ದೇ ಅಪರೂಪ. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಮ್ಯಾಂಡೋಲಿನ್ ಕೊಳ್ಳಲು ಆರು ಸಾವಿರ ರೂಪಾಯಿ ಇಟ್ಟುಕೊಂಡಿದ್ದೆ. ಅದರ ಮೇಲೆ ಒಂದು ರೂಪಾಯಿಯನ್ನೂ ಕೊಡಕೂಡದೆಂದು ರೇಣುಕಕ್ಕನ ಅಪ್ಪಣೆಯಾಗಿತ್ತು. ಅವಳಿಗೆ ಸಂಗೀತ ಗೊತ್ತಿಲ್ಲ, ವ್ಯಾಪಾರ ಗೊತ್ತು. ಎಮ್ಮೆಯಿಂದ ಹಿಡಿದು ಮಿಕ್ಸಿಯವರೆಗೆ ನಮ್ಮ ಮನೆಗೆ ಬಂದದ್ದೆಲ್ಲ ಅವಳ ಕಣ್ಣು ದಾಟಿಯೇ ಬಂದದ್ದು.

ಹನ್ನೊಂದು ವರ್ಷದವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ನನ್ನ ಎಡಗೈಯ ಉಂಗುರದ ಬೆರಳು ಅರ್ಧ ಹೋಯಿತು. ಇಂಜೆಕ್ಷನ್ ಕೊಡಲು ಅದರಿಂದ ಯಾವ ತೊಡಕೂ ಇಲ್ಲ. ತಂತಿವಾದ್ಯ ಕಲಿಯುವ ಆಸೆ ಮಾತ್ರ ಅಲ್ಲಿಗೇ ನಿಂತಿತ್ತು. ಕಳೆದ ವರ್ಷ ಆಸ್ಪತ್ರೆಯ ಲ್ಯಾಬಿನವರೊಬ್ಬರ ಗಿಟಾರ್ ಹಿಡಿದು ನೋಡಿದೆ. ಅದರ ಕತ್ತು ಅಗಲ, ಕೈ ಸಾಲಲಿಲ್ಲ. ಮ್ಯಾಂಡೋಲಿನ್ನಿನ ಕತ್ತು ಸಣ್ಣದು, ಪ್ರಯತ್ನಿಸಿ ಎಂದು ಅವರೇ ಹೇಳಿದರು. ಫೋನಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳಬಹುದಿತ್ತು. ಆದರೆ ಈ ಬೆರಳಿಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಚಿತ್ರ ಹೇಳುವುದಿಲ್ಲವಲ್ಲ.

ಕೊಪ್ಪಳದಲ್ಲಿಳಿದು ಮಿರ್ಚಿ, ಮಂಡಕ್ಕಿ ಒಗ್ಗರಣಿ ತಿಂದು ವಾದ್ಯದ ಅಂಗಡಿ ಹುಡುಕಿದೆವು. ಹಾರ್ಮೋನಿಯಂ, ತಬಲಾಗಳ ನಡುವೆ ಎರಡು ಮ್ಯಾಂಡೋಲಿನ್ ತೂಗುತ್ತಿದ್ದವು. ಕೆಂಪು ಹೊಳಪಿನದಕ್ಕೆ ಮೂರೂವರೆ ಸಾವಿರ, ಕಂದು ಬಣ್ಣದ್ದಕ್ಕೆ ಐದು ಸಾವಿರದ ಇನ್ನೂರು. ಕೆಂಪಿನದರ ತಂತಿ ಕತ್ತಿನಿಂದ ಎಷ್ಟು ಮೇಲಿತ್ತೆಂದರೆ ಒತ್ತುವಷ್ಟರಲ್ಲಿ ಬೆರಳಿನ ತುದಿಯಲ್ಲಿ ಗೆರೆ ಮೂಡಿತು. ಕಂದು ಬಣ್ಣದ್ದು ಕೈಗೆ ಹಗುರ, ಆದರೆ ಶ್ರುತಿ ನಿಲ್ಲುತ್ತಿರಲಿಲ್ಲ. ಅಂಗಡಿಯವನು ತಂತಿ ಬಿಗಿದು ನನ್ನ ಕೈಗೆ ಕೊಡುವುದರೊಳಗೆ ಇಳಿದುಬಿಡುತ್ತಿತ್ತು. ಅವನು ನನ್ನ ಬೆರಳನ್ನು ಆಗಲೇ ನೋಡಿದ್ದು.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಈ ಕೈಗೆ ಇದು ಆಗಂಗಿಲ್ಲ. ಕೀಬೋರ್ಡ್ ತಗೋರಿ, ಬಟನ್ ಒತ್ತಿದ್ರ ತಾನ ಬಾರಿಸತೈತಿ."

ಅವನ ದನಿಯಲ್ಲಿ ಕೊಂಕಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಬಾರಿಸಾಕಿ ಅಕಿ. ಆಗತೈತೋ ಇಲ್ಲೋ ಅಕಿ ನೋಡ್ಕೋತಾಳ," ಎಂದು ರೇಣುಕಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದಳು.

ಗಂಗಾವತಿಗೆ ಬಸ್ಸು ಒಂದೂಕಾಲು ಗಂಟೆ ತೆಗೆದುಕೊಂಡಿತು. ದಾರಿಯಲ್ಲಿ ಹೇಮಗುಡ್ಡ ದಾಟಿದೆವು. ಅಲ್ಲಿಂದ ಮುಂದೆ ಕಾಲುವೆಯ ಸೀಮೆ. ಭತ್ತದ ಕೊಯ್ಲು ನಡೆದಿತ್ತು, ಕಿಟಕಿಯಿಂದ ಹುಲ್ಲಿನ ಧೂಳು ಒಳಗೆ ಬರುತ್ತಿತ್ತು. ರೇಣುಕಕ್ಕನ ತವರು ಗಂಗಾವತಿಯೇ. ಅವಳ ತಾಯಿಯ ಮನೆಯಲ್ಲಿ ಬಿಸಿ ಅನ್ನ, ಬೇಳೆಯ ಪಪ್ಪು, ಉಪ್ಪಿನಕಾಯಿ ಉಂಡು, ಆಂಧ್ರದಿಂದ ಬಂದ ರೈತರು ನೆಲೆಸಿರುವ ಊರ ಹೊರಗಿನ ಕ್ಯಾಂಪಿಗೆ ಆಟೋದಲ್ಲಿ ಹೋದೆವು. ಅಲ್ಲಿ ಸುಬ್ಬರಾಜು ಎಂಬವರು ತಮ್ಮ ಹಳೆಯ ಮ್ಯಾಂಡೋಲಿನ್ ಮಾರುತ್ತಾರೆಂದು ಅವಳ ತಮ್ಮ ಹೇಳಿದ್ದ. ಮದುವೆಗಳ ಆರ್ಕೆಸ್ಟ್ರಾದಲ್ಲಿ ಮೂವತ್ತು ವರ್ಷ ನುಡಿಸಿದವರು, ಈಗ ಎಪ್ಪತ್ತರ ಹತ್ತಿರ. ಅವರ ಕನ್ನಡಕ್ಕೆ ತೆಲುಗಿನ ರಾಗವಿತ್ತು.

ಅವರು ವಾದ್ಯ ತೋರಿಸುವ ಮೊದಲೇ ನನ್ನ ಎಡಗೈ ನೋಡಿದರು. ಕೊಪ್ಪಳದ ಮಾತೇ ಮತ್ತೆ ಬರುತ್ತದೆಂದುಕೊಂಡೆ.

"ಎಷ್ಟು ಬೆರಳು ಗಟ್ಟಿ ಇದಾವಮ್ಮಾ?"

"ಹೆಬ್ಬೆರಳು ಬಿಟ್ರ ಮೂರು ಅದಾವ್ರಿ."

"ನಾನು ಎರಡರಲ್ಲೇ ಬಾಳು ಕಳೆದೆ," ಎಂದು ನಕ್ಕು, ತೋರುಬೆರಳು ಮತ್ತು ನಡುಬೆರಳನ್ನಷ್ಟೇ ತಂತಿಯ ಮೇಲೆ ಜಾರಿಸಿ ಒಂದು ಆಲಾಪ ನುಡಿಸಿದರು. ಉಳಿದ ಬೆರಳುಗಳು ಸುಮ್ಮನೆ ಮಡಚಿಕೊಂಡಿದ್ದವು. ಆಮೇಲೆ ನನ್ನ ತೊಡೆಯ ಮೇಲೆ ವಾದ್ಯವಿಟ್ಟು ಸ, ರಿ, ಗ, ಮ, ಪ ಎಲ್ಲೆಲ್ಲಿವೆ ಎಂದು ಒಂದೊಂದಾಗಿ ತೋರಿಸಿದರು. ಐದೂ ಸ್ವರಗಳು ನನ್ನ ಕೈಯಿಂದ ಬಂದವು. ಒರಟಾಗಿ ಬಂದವು, ಆದರೆ ಬಂದವು. ಮೂವತ್ತೆರಡು ವರ್ಷ ಬಚ್ಚಿಟ್ಟುಕೊಂಡು ತಿರುಗಿದ ಬೆರಳನ್ನು ನೋಡಿ ನನಗೆ ನಗು ಬಂತು, ಕಣ್ಣೂ ತುಂಬಿತು.

ಇಷ್ಟರಲ್ಲಿ ರೇಣುಕಕ್ಕ ಅವರ ಹೆಂಡತಿಯೊಂದಿಗೆ ಚೌಕಾಸಿಗೆ ಕೂತು ನಾಲ್ಕು ಸಾವಿರವನ್ನು ಮೂರಕ್ಕೆ ಇಳಿಸಿದ್ದಳು. ಆಗ ಸುಬ್ಬರಾಜು ಅವರೇ ಕೈ ಅಡ್ಡ ಹಿಡಿದರು. "ಇದು ನಿಮಗೆ ಬೇಡಮ್ಮಾ. ಇದು ಕರೆಂಟಿನದು, ಗಟ್ಟಿ ಮರ. ಸ್ಪೀಕರ್ ಇಲ್ಲದಿದ್ದರೆ ಇದರ ದನಿ ಪಕ್ಕದವರಿಗೂ ಕೇಳಲ್ಲ. ಒಳಗೆ ಟೊಳ್ಳಿರೋದು ತಗೊಳ್ಳಿ."

"ಮಾರಾಂವ ಬ್ಯಾಡಂದ್ರ ಹೆಂಗ್ರಿ? ಇಷ್ಟೊತ್ತು ನಾ ಗಂಟಲ ಹರಕೊಂಡಿದ್ದು ಯಾತಕ್ಕ?" ಎಂದಳು ರೇಣುಕಕ್ಕ. ಅವರ ಹೆಂಡತಿ ನಗುತ್ತಲೇ ಚಹಾ ತಂದರು. ಹೊರಡುವಾಗ ಸುಬ್ಬರಾಜು ಒಂದು ಪರೀಕ್ಷೆ ಹೇಳಿಕೊಟ್ಟರು: ತಂತಿಯನ್ನು ಬರಿದೆ ಮೀಟಬೇಕು, ಆಮೇಲೆ ಕತ್ತಿನ ಮೇಲಿನ ಲೋಹದ ಗೆರೆಗಳ ನಡುವಿನ ಹನ್ನೆರಡನೆಯ ಮನೆಯಲ್ಲಿ ಒತ್ತಿ ಮೀಟಬೇಕು. ಮೇಲಿನ ಸ್ಥಾಯಿಯಲ್ಲಿ ಅದೇ ಸ್ವರ ಬಂದರೆ ವಾದ್ಯ ಸರಿಯಿದೆ.

ಭಾನುವಾರ ಬೆಳಿಗ್ಗೆ ಕನಕಗಿರಿ, ತಾವರಗೇರಾ ದಾಟಿ ಹತ್ತೂವರೆಗೆ ಕುಷ್ಟಗಿ ಸೇರಿದೆವು. ಬಿಸಿಲು ಚುರುಕಾಗಿತ್ತು. ಸುಬ್ಬರಾಜು ಹೇಳಿದ್ದ ಮಾಬುಸಾಬ ಎಂಬ ಹಿರಿಯರು ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಅವರ ಗೋಡೆಯಲ್ಲಿ ಬಣ್ಣ ಮಾಸಿದ ಟೊಳ್ಳು ಮ್ಯಾಂಡೋಲಿನ್ ಒಂದಿತ್ತು. ಹೊಟ್ಟೆಯ ಮೇಲೆ ಬೇರೆ ಮರದ ತೇಪೆ. ಬೆಲೆ ಎರಡು ಸಾವಿರದ ಎಂಟುನೂರು. ಮೀಟಿದೆ. ದನಿ ತುಂಬಿಕೊಂಡು ಬಂತು, ತಂತಿಯೂ ತಗ್ಗಿನಲ್ಲಿತ್ತು. ನಾನು ಆಗಲೇ ಪರ್ಸಿಗೆ ಕೈ ಹಾಕಿದ್ದೆ.

"ತಡಿ," ಎಂದ ರೇಣುಕಕ್ಕ ಅದನ್ನು ಇಸಿದುಕೊಂಡು, ಗಡಿಗೆ ಬಾರಿಸಿ ನೋಡುವಂತೆ ಬೆನ್ನಿನ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಕಿವಿ ಹಚ್ಚಿ ಮತ್ತೆ ತಟ್ಟಿದಳು. "ಚಾಚಾ, ಒಳಗ ಏನೋ ಕಟಕಟ ಅನ್ನಾಕತ್ತೈತಿ."

ಮಾಬುಸಾಬ ಟಾರ್ಚು ಬಿಟ್ಟು ನೋಡಿದರು. ಒಳಗಿನ ಆನಿಕೆಯ ಪಟ್ಟಿ ಒಂದು ಕಡೆ ಬಿಟ್ಟಿತ್ತು. "ತೌಬಾ! ಭಾಳ ದಿನ ನನ್ನ ಕಣ್ಣ ಮುಂದ ಐತಿ, ನನಗ ಗೊತ್ತಾಗಿಲ್ಲ ನೋಡವ್ವಾ. ಕುಂದರ್ರಿ, ಅಂಟು ಹಚ್ಚಿ ಕೊಡತೀನಿ."

ಅಂಟು ಒಣಗುವಷ್ಟರಲ್ಲಿ ನಾವು ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಬಂದೆವು. ಹನ್ನೆರಡನೆಯ ಮನೆಯ ಪರೀಕ್ಷೆ ಮಾಡಿದೆ. ಮೂರು ಜೋಡಿ ತಂತಿ ಸರಿಯಿತ್ತು, ನಾಲ್ಕನೆಯದು ತುಸು ಆಚೀಚೆ. ಅವರು ತಂತಿ ಸಡಿಲಿಸಿ, ತಂತಿಗಳನ್ನು ಹೊರುವ ಮರದ ಕುದುರೆಯನ್ನು ಕೂದಲೆಳೆಯಷ್ಟು ಸರಿಸಿದರು. ಸ್ವರ ಕೂಡಿತು. ಬೆಲೆಯನ್ನು ಎರಡೂವರೆ ಸಾವಿರಕ್ಕೆ ತಾವೇ ಇಳಿಸಿ, "ಈ ಮುನ್ನೂರು ನಿಮ್ಮ ಅಕ್ಕನ ಕಿವಿಗೆ," ಎಂದರು. ರೇಣುಕಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಚೌಕಾಸಿ ಮಾಡದೆ ಎದ್ದಳು.

ಯಲಬುರ್ಗಾದ ಬಸ್ಸು ತುಂಬಿತ್ತು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದ ಸೀಟಿನಲ್ಲಿ ಕಡಲೆ ಸೊಪ್ಪಿನ ಗಂಟು ಹಿಡಿದ ಅಜ್ಜಿಯೊಬ್ಬಳಿದ್ದಳು. ಸ್ವಲ್ಪ ಹೊತ್ತು ನನ್ನ ಕೈಯನ್ನೂ ವಾದ್ಯವನ್ನೂ ನೋಡಿ, "ಬಾರಿಸ ಯವ್ವಾ, ಕೇಳೂಣು," ಎಂದಳು.

ಬೆರಳು ಮುಚ್ಚಿಕೊಳ್ಳಲಿಲ್ಲ. ಸ, ರಿ, ಗ, ಮ, ಪ ನುಡಿಸಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮುಂದಿಂದು?"

"ಅಷ್ಟ ಬರತೈತಿ ನೋಡಬೇ."

"ಹಂಗಾರ ಅದನ್ನ ಇನ್ನೊಮ್ಮಿ ಬಾರಿಸು."

ಊರು ಬರುವವರೆಗೆ ಅದನ್ನೇ ಎಷ್ಟು ಸಲ ನುಡಿಸಿದೆನೋ ಲೆಕ್ಕವಿಲ್ಲ. ಯಾರೂ ಸಾಕು ಅನ್ನಲಿಲ್ಲ. ಯಲಬುರ್ಗಾದಲ್ಲಿ ಇಳಿದು ನಿಂತೆವು. ಬಸ್ಸು ಮುಂದಿನ ಊರಿಗೆ ಹೊರಟಿತು. ತಿರುಗಿ ನೋಡಿದಾಗ ಕಿಟಕಿಯಲ್ಲಿ ಆ ಅಜ್ಜಿ ಕಂಡಳು. ನಮ್ಮ ಕಡೆ ಅವಳ ಗಮನವಿರಲಿಲ್ಲ. ಎದುರಿನ ಸೀಟಿನ ಸರಳಿನ ಮೇಲೆ ಐದು ಕಡೆ ಬೆರಳೂರುತ್ತ, ತುಟಿ ಅಲ್ಲಾಡಿಸುತ್ತ ಕೂತಿದ್ದಳು.