ಅರವತ್ತು ಹಾರ್ಸ್‌ಪವರಿಗೆ ಬೇಕಾದ ಗಾಳಿ

ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕುಲುಮೆಗೆ ಗಾಳಿ ಊದುವ ಬ್ಲೋವರ್ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಧಾರವಾಡ ಬಿಟ್ಟು ವಿಶಾಖಪಟ್ಟಣಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಗಳು ಹುಟ್ಟಿದ್ದು ಇಲ್ಲೇ. ಅವಳಿಗೆ ಕನಸೂ ತೆಲುಗಿನಲ್ಲೇ ಬೀಳುತ್ತದೆ ಎಂದು ಹೆಂಡತಿ ನಗುತ್ತಾಳೆ. ವಿಜಯವಾಡದ ಕಾಲೇಜಿನಲ್ಲಿ ಅವಳು ಮೆಕ್ಯಾನಿಕಲ್ ಆರಿಸಿಕೊಂಡಾಗ, “ಆ ಗ್ರೀಸಿನಾಗ ನಾ ಬಿದ್ದದ್ದು ಸಾಕು, ನಿನಗ್ಯಾಕ?” ಎಂದುಬಿಟ್ಟಿದ್ದೆ. ಆಮೇಲೆ ಒಂದು ವರ್ಷ ನಮ್ಮ ಮಾತೆಲ್ಲ ಅವಳ ತಾಯಿಯ ಮೂಲಕವೇ ನಡೆಯಿತು.

ಕಳೆದ ಬೇಸಿಗೆಯ ಒಂದು ಸಂಜೆ ಋಷಿಕೊಂಡದ ಮರಳಿನಲ್ಲಿ ಕೂತಿದ್ದೆ. ಸಮುದ್ರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದ ಹೊತ್ತು. ಮಗಳ ಫೋನು ಬಂತು.

“ಅಪ್ಪಾ, ನಾವು ರೇಸ್ ಕಾರ್ ಮಾಡಾಕತ್ತೇವಿ. ಬೈಕಿನ ಎಂಜಿನ್. ಅರವತ್ತು ಹಾರ್ಸ್‌ಪವರ್ ಬೇಕು. ಗಾಳಿ ಎಂತ... ಎಷ್ಟು ಬೇಕಾಗ್ತದ?”

ಬಾಯಿಗೆ ಬಂದ ತೆಲುಗಿನ ‘ಎಂತ’ವನ್ನು ಅವಳೇ ತಿದ್ದಿಕೊಂಡಿದ್ದಳು. ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದೆ. “ಹತ್ತು ಹಾರ್ಸ್‌ಪವರಿಗೆ ನಿಮಿಷಕ್ಕ ಅರ್ಧ ಕೆಜಿ ಗಾಳಿ ಅಂತ ಹಿಡಿ. ಅರವತ್ತಕ್ಕ ಮೂರು ಕೆಜಿ. ಅಂದಾಜು ಅಷ್ಟ.”

“ಮೂರು ಕೆಜಿ ಗಾಳಿ ಅಂದ್ರ ಎಷ್ಟಾತು?”

“ನಮ್ಮ ದೇವರ ಮನಿ ತುಂಬ ಇರೋವಷ್ಟು. ಒಂದೊಂದು ನಿಮಿಷಕ್ಕೂ ಅಷ್ಟು ಕುಡೀತದ.”

ಅವಳು ಮೆಲ್ಲಗೆ ನಕ್ಕಳು. “ಒಮ್ಮೆ ಬಾ ಅಪ್ಪಾ.”

ಮುಂದಿನ ಭಾನುವಾರ ರೈಲು ಹತ್ತಿದೆ. ಕಾಲೇಜಿನ ಶೆಡ್ಡಿನಲ್ಲಿ, ಶಕ್ತಿ ಅಳೆಯುವ ಯಂತ್ರಕ್ಕೆ ಅವರ ಎಂಜಿನ್ ಜೋಡಿಸಿದ್ದರು. ಎಷ್ಟು ಕೂಗಿದರೂ ಅದು ನಲವತ್ತೊಂದು ದಾಟಲಿಲ್ಲ. ಅವಳ ತಂಡದ ಗೆಳತಿಯರು ತಲೆ ತಗ್ಗಿಸಿದರು. ನಾನು ಬಾಯಿ ತೆರೆಯುವುದರೊಳಗೆ ಮಗಳು ಗಾಳಿ ಒಳಹೋಗುವ ಪೈಪನ್ನು ಬಿಚ್ಚಿ, ಅದರ ಬಾಯಿ ಅಳೆದು ಲೆಕ್ಕ ಹಾಕಿದಳು. “ಇದರಾಗ ಎರಡು ಕೆಜಿ ಅಷ್ಟ ಹೋಗ್ತದ.” ಅಗಲವಾದ ಪೈಪು ಹುಡುಕಿ ಕೂಡಿಸಲು ಮಧ್ಯಾಹ್ನವೆಲ್ಲ ಹಿಡಿಯಿತು. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಅಷ್ಟೇ. ಈ ಸಲ ಅಳೆಯುವ ಯಂತ್ರದ ಮುಳ್ಳು ಐವತ್ತಾರಕ್ಕೆ ಹೋಗಿ ನಡುಗುತ್ತ ನಿಂತಿತು.

“ಇನ್ನ ನಾಕು?” ಎಂದೆ.

“ಈ ಶೆಕಿಗೆ ಗಾಳಿ ತೆಳ್ಳಗಾಗೇದ. ಚಳಿಗಾಲದಾಗ ಬರ್ತಾವ ಬಿಡು.”

ನನಗೆ ಗೊತ್ತಿದ್ದ ಮಾತೇ. ಅವಳ ಬಾಯಲ್ಲಿ ಕೇಳುವಾಗ ಹೊಸದೆನಿಸಿತು.

ಸಂಜೆ ಇಂದ್ರಕೀಲಾದ್ರಿಯ ಕೆಳಗೆ ಕೃಷ್ಣೆಯ ಮೆಟ್ಟಿಲ ಮೇಲೆ ಕೂತೆವು. ಬೆಟ್ಟದ ದೀಪಗಳು ನೀರಿನಲ್ಲಿ ಕರಗುತ್ತಿದ್ದವು. “ನಿನ್ನ ಬ್ಲೋವರ್ ಹೆಂಗ ಓಡ್ತದ, ಹೇಳು” ಎಂದಳು. ಇಷ್ಟು ವರ್ಷದಲ್ಲಿ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ರೈಲಿನ ಹೊತ್ತಾಗುವವರೆಗೂ ಹೇಳುತ್ತಲೇ ಇದ್ದೆ.