ಆರಾಮ ಅದೀನ್ರಿ

ನಮ್ಮ ಹುನಗುಂದ ಸೀಮೆಯಲ್ಲಿ ಹಾವು ಕಚ್ಚಿದವನನ್ನು ಮಾತಾಡಿಸಿದರೂ ಮೊದಲು 'ಆರಾಮ ಅದೀನ್ರಿ' ಅನ್ನುತ್ತಾನೆ; ಹಾವಿನ ಸುದ್ದಿ ಆಮೇಲೆ. ಕೇಳುವುದೂ ರೂಢಿ, ಹೇಳುವುದೂ ರೂಢಿ. ಮರೋಳದ ಅಮಸಿದ್ದಪ್ಪ ಕೆಟ್ಟದ್ದು ಈ ರೂಢಿಯಿಂದಲೇ.

ಕುರುಬರ ಮನೆಯವನು. ಹರೆಯದಲ್ಲಿ ಕುರಿ ಕಾಯುವಾಗ, ಸುತ್ತ ಒಂದು ನರಪಿಳ್ಳೆಯೂ ಇಲ್ಲದ ಕಡೆ, ಅವನಿಗೆ ಮಾತು ಕೇಳತೊಡಗಿದವು. ಮೊದಮೊದಲು ಹೆಸರು ಹಿಡಿದು ಕರೆದವು, ಆಮೇಲೆ ಬೈಯತೊಡಗಿದವು. ಅವಕ್ಕೆ ಉತ್ತರ ಕೊಡುತ್ತ ಕೊಡುತ್ತ ಒಂದು ದಿನ ಹಿಂಡನ್ನೆಲ್ಲ ಅಡವಿಯಲ್ಲಿ ಬಿಟ್ಟು ನಡೆದವನು, ದೂರದ ಪಟ್ಟದಕಲ್ಲಿನಲ್ಲಿ ಸಿಕ್ಕ. ಬೀರಪ್ಪನ ಗುಡಿಯಲ್ಲಿ ಭಂಡಾರ ಹಚ್ಚಿಸಿದ್ದಾಯಿತು, ಧಾರವಾಡದ ದವಾಖಾನೆಯಲ್ಲಿ ಇಟ್ಟದ್ದಾಯಿತು. ತಿರುಗಿ ಬಂದಾಗ ಅಣ್ಣ ಕಾಳಪ್ಪ ಹಿತ್ತಲ ಛಪ್ಪರದಲ್ಲಿ ಜಾಗ ಕೊಟ್ಟ. ಅತ್ತಿಗೆ ಬೋರವ್ವ ಕೆಟ್ಟವಳಲ್ಲ, ಹೆದರುಪುಕ್ಕಲಿ. ರೊಟ್ಟಿ ಪಲ್ಯ ಹೊಸ್ತಿಲ ಮೇಲಿಟ್ಟು, 'ಉಣ್ಣು' ಎಂದು ದೂರದಿಂದಲೇ ಹೇಳಿ ಹೋಗುತ್ತಿದ್ದಳು. ಕುರಿಗಳನ್ನು ಅವನ ಕೈಗೆ ಮತ್ತೆ ಯಾರೂ ಕೊಡಲಿಲ್ಲ. ತಕಲಿ ಹಿಡಿದು ಕಂಬಳಿಗೆ ಉಣ್ಣೆ ನೂಲುತ್ತ ಕೂತ. ಊರಿನ ನಡುವೆಯೇ ಇದ್ದ, ಊರಿಗೆ ಬೇಡವಾಗಿದ್ದ.

ಎಂಬತ್ತರ ಇಸವಿಯ ನಂತರ ಬೆಂಗಳೂರಿನ ಒಂದು ಸಂಸ್ಥೆಯವರು ಇಂಥವರ ಮನೆಗೇ ಹೋಗಿ ಗುಳಿಗೆ ಕೊಟ್ಟು, ಮಾತಾಡಿಸಿ ಬರುವ ಕೆಲಸ ಶುರು ಮಾಡಿದರು. ಮರೋಳಕ್ಕೆ ಬಂದವಳು ನೀಲಾಬಾಯಿ, ಹುನಗುಂದದ ನರ್ಸು, ನಡುವಯಸ್ಸಿನವಳು. ಮಂಗಳವಾರದ ಬಸ್ಸಿಗೆ ಬರುತ್ತಿದ್ದಳು. ಆಕೆ ಮಾತ್ರ 'ಆರಾಮೇನು' ಎಂದು ಕೇಳುತ್ತಿರಲಿಲ್ಲ. ಛಪ್ಪರದೊಳಗೆ ಬಂದು ಕುಂತು, ಅವನ ತಕಲಿ ತಿರುಗುವುದನ್ನು ನೋಡುತ್ತ ಕೇಳುವಳು:

"ಈ ವಾರ ಅವ್ರು ಬಂದಿದ್ರೇನೋ, ಅಮಸಿದ್ದಪ್ಪಾ?"

"ಬಂದಿದ್ರಿ ಬಾಯಾರ. ಸಂಜಿಮುಂದ ಭಾಳ ಕಾಡ್ತಾರ."

"ಏನಂದ್ರು?"

ಏನಂದರು ಎಂದು ಅವನನ್ನು ಮತ್ತ್ಯಾರು ಕೇಳಿದ್ದರು? ಡಾಕ್ಟರು ಕೇಳಿದ್ದರು, ಗುಳಿಗೆ ಕೊಡಲಿಕ್ಕೆ. ಈಕೆ ಕೇಳುವುದು ಕೇಳಿಸಿಕೊಳ್ಳಲಿಕ್ಕೆ. ಹೇಳಿ ಮುಗಿಸಿದರೆ ಆ ದನಿಗಳೇನೂ ಬಾಯಿ ಮುಚ್ಚುತ್ತಿರಲಿಲ್ಲ. ಅವುಗಳ ನಡುವೆ ತಾನೊಬ್ಬನೇ ಅನ್ನಿಸುವುದು ಮಾತ್ರ ಕಡಿಮೆಯಾಗುತ್ತಿತ್ತು. ಸೋಮವಾರವೇ ಅವನು ಛಪ್ಪರ ಗುಡಿಸಿಡುತ್ತಿದ್ದ.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಒಂದು ಮಂಗಳವಾರ ನೀಲಾಬಾಯಿ ಹೇಳಿದಳು: "ಬೆಂಗಳೂರಿಂದ ಸಾಹೇಬ್ರು ಬರಾಕತ್ತಾರ. ನನ್ನ ಕೆಲಸ ಹೆಂಗ ನಡದೈತಿ ಅಂತ ನಿಮ್ಮನ್ನೆಲ್ಲಾ ಕೇಳ್ತಾರ. ಖರೆ ಇದ್ದದ್ದು ಹೇಳಪ್ಪ."

'ಖರೆ' ಅನ್ನುವ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಬಾಯಾರ ಕೆಲಸದ ಪರೀಕ್ಷೆ ಅನ್ನುವುದಷ್ಟೇ ಬಿತ್ತು. ತನಗೆ ಆರಾಮಿಲ್ಲ ಅಂದರೆ ಅದು ಬಾಯಾರ ತಪ್ಪಾಗುತ್ತದೆ. ಬಾಯಾರನ್ನು ತೆಗೆದರೆ ಮಂಗಳವಾರ ಹೋಗುತ್ತದೆ. ಎರಡು ದಿನ ಇದನ್ನೇ ಮೆಲುಕು ಹಾಕಿದ. ದಾಡಿ ಮಾಡಿಸಿಕೊಂಡ, ಧೋತರ ಒಗೆದು ಉಟ್ಟ.

ಸಾಹೇಬರು ಜೀಪಿನಲ್ಲಿ ಬಂದರು. ಪಾಪ, ಒಳ್ಳೆಯ ಮನುಷ್ಯರೇ. ನರ್ಸಿನ ಎದುರು ಜನ ದಾಕ್ಷಿಣ್ಯಕ್ಕೆ ಹೇಳಿಯಾರೆಂದು ನೀಲಾಬಾಯಿಯನ್ನು ಜೀಪಿನ ಹತ್ತಿರವೇ ನಿಲ್ಲಿಸಿದರು. ಅಣ್ಣ, ಅತ್ತಿಗೆ, ಓಣಿಯ ಅರ್ಧ ಜನ ಮಾತ್ರ ಸುತ್ತ ನೆರೆದಿದ್ದರು. ಅದರಲ್ಲಿ ದಾಕ್ಷಿಣ್ಯವಿಲ್ಲ ನೋಡಿ.

"ನಿಮ್ಮ ಆರೋಗ್ಯದಲ್ಲಿ ಸುಧಾರಣೆ ಕಂಡುಬಂದಿದೆಯೇ?" ಎಂದರು ಸಾಹೇಬರು.

ಅಮಸಿದ್ದಪ್ಪ ಪಿಳಿಪಿಳಿ ನೋಡಿದ. ಊರ ಹಿರಿಯ ಸಂಗಯ್ಯ ನಮ್ಮ ಕನ್ನಡಕ್ಕೆ ಇಳಿಸಿದ: "ಆರಾಮ ಅದೀಯೇನೋ ಅಂತ ಕೇಳಾಕತ್ತಾರಲೇ."

"ಆರಾಮ ಅದೀನ್ರಿ ಸಾಹೇಬರ."

"ದನಿಗಳು ಈಗಲೂ ಕೇಳಿಸುತ್ತವೆಯೇ?"

ಆ ಗಳಿಗೆಯಲ್ಲೇ ಬೆನ್ನ ಹಿಂದೆ ಅವು ಕುಲುಕುಲು ನಗುತ್ತಿದ್ದವು. "ಇಲ್ರಿ. ಬಾಯಾರ ಬಂದ ಮ್ಯಾಲೆ ಎಲ್ಲಾ ಆರಾಮ," ಎಂದ. ಅಷ್ಟು ಸಲೀಸಾಗಿ ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಾಯಾರು ನೋಡುತ್ತಿದ್ದ ಉಳಿದವರನ್ನು ಇಳಕಲ್ಲಿನಲ್ಲಿ ಕೇಳಿದರೂ ಆರಾಮ, ಹುನಗುಂದದಲ್ಲಿ ಕೇಳಿದರೂ ಆರಾಮ. ಸಾಹೇಬರು ಸಂತೋಷದಿಂದ ತಿರುಗಿ ಹೋದರು.

ಮಳೆಗಾಲ ಶುರುವಾಗುವ ಮೊದಲು ನೀಲಾಬಾಯಿ ಕೊನೆಯ ಸಲ ಬಂದಳು. ಛಪ್ಪರದೊಳಗೆ ಕುಂತು ಹೇಳಿದಳು:

"ಎಲ್ಲಾರೂ ಆರಾಮ ಆಗ್ಯಾರ, ಇನ್ನ ಮನಿಮನಿಗಿ ಹೋಗೋದು ಬ್ಯಾಡ ಅಂದಾರಪ್ಪ. ಗುಳಿಗಿ ಹುನಗುಂದದ ದವಾಖಾನ್ಯಾಗ ಸಿಗ್ತಾವ. ನನ್ನ ಬದಾಮಿ ಕಡೆ ಹಾಕ್ಯಾರ."

ತಕಲಿ ನಿಂತಿತು. "ನಿಮ್ಮ ಹೆಸರು ಉಳೀಲಿ ಅಂತ ಹೇಳಿದ್ನಿರಿ ಬಾಯಾರ."

"ಗೊತ್ತೈತಿ," ಎಂದಳು ಆಕೆ. "ಹೆಸರು ಉಳೀತು."

ಬಸ್ಸಿನ ತನಕ ಅವನೂ ಹೋದ. ಹತ್ತುವಾಗ ನೀಲಾಬಾಯಿ ತಿರುಗಿ, "ಆರಾಮ ಇರಪ್ಪಾ," ಅಂದಳು. ಆ ಮಾತು ಆಕೆಯ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು, ಮತ್ತು ಅವನಿಗೆ ತಡೆಯಲಾರದಷ್ಟು ದುಃಖವಾಯಿತು.

ತಿರುಗಿ ಬರುವಾಗ ಸಂಗಯ್ಯ ಎದುರಾದ. "ಆರಾಮೇನೋ, ಅಮಸಿದ್ದಪ್ಪಾ?"

ಅಮಸಿದ್ದಪ್ಪ ನಿಂತ. ಎಷ್ಟೋ ವರ್ಷದ ರೂಢಿಯನ್ನು ನುಂಗಿಕೊಂಡು, "ಇಲ್ರಿ ಅಜ್ಜಾರ, ಆರಾಮಿಲ್ರಿ," ಎಂದ.

"ಚಲೋ ಆತು, ಚಲೋ ಆತು," ಎನ್ನುತ್ತ ಸಂಗಯ್ಯ ಮುಂದೆ ನಡೆದಿದ್ದ.