ಬಾಯಿಯನ್ನು ಪಾಲು ಮಾಡಿಕೊಂಡ ಊರು

ಜಯನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ನನಗೆ ಸಿಕ್ಕ ಮೊದಲ ರೋಗಿ ಬಾಯಿಯನ್ನೇ ತೆರೆಯಲಿಲ್ಲ. ಕುರ್ಚಿಗೆ ಒರಗಿಕೊಂಡು, "ಮೇಡಂ, ನೀವು ಯಾವುದ್ರಲ್ಲಿ ಸ್ಪೆಷಲಿಸ್ಟು?" ಎಂದರು. ಬರೀ ಬಿ.ಡಿ.ಎಸ್. ಎಂದೆ. "ಹಾಗಾದ್ರೆ ಸ್ಪೆಷಲಿಸ್ಟ್ ಬರ್ಲಿ ಬಿಡಿ, ಕಾಯ್ತೀನಿ" ಎಂದು ಪೇಪರ್ ಬಿಡಿಸಿದರು.

ಆಗ ತೊಂಬತ್ತರ ದಶಕದ ಕೊನೆ. ನಮ್ಮ ಗದಗಿನ ಓಣಿಯವರಿಗೆಲ್ಲ ಹಲ್ಲಿನ ಡಾಕ್ಟರ್ ಒಬ್ಬರೇ. ಕೀಳುವವರೂ ಅವರೇ, ಮುದುಕರಿಗೆ ಹಲ್ಲಿನ ಸೆಟ್ಟು ಕೂರಿಸುವವರೂ ಅವರೇ. ಇಲ್ಲಿ ಒಂದೇ ಬಾಯಿಯನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಹಂಚಿಕೊಂಡಿದ್ದರು. ಬೇರಿಗೆ ಒಬ್ಬರು, ಒಸಡಿಗೆ ಇನ್ನೊಬ್ಬರು, ಸೊಟ್ಟ ಹಲ್ಲಿಗೆ ತಂತಿ ಹಾಕುವ ಆರ್ಥೊಡಾಂಟಿಸ್ಟ್, ಮಕ್ಕಳ ಹಲ್ಲಿಗೆ ಬೇರೆಯವರು, ದವಡೆಯ ಆಪರೇಷನ್ನಿಗೆ ಓರಲ್ ಸರ್ಜನ್. ನಾಲ್ಕು ವರ್ಷ ಓದಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದ ನನ್ನ ಪಾಲಿಗೆ ಹಲ್ಲು ಕ್ಲೀನ್ ಮಾಡುವುದಷ್ಟೇ ಉಳಿದಿತ್ತು. ಅವರಂತಾಗಲು ಇನ್ನೂ ಮೂರು ವರ್ಷ ಎಂ.ಡಿ.ಎಸ್. ಓದಬೇಕು. ಎಂಟ್ರೆನ್ಸ್ ಬರೆಯುತ್ತಲೇ ಇದ್ದೆ, ಸೀಟು ಸಿಗುತ್ತಲೇ ಇರಲಿಲ್ಲ.

ಮಾತೂ ಕೈಕೊಟ್ಟಿತು. "ಭಾಳ ನೋಯಾಕತ್ತೈತೇನ್ರಿ?" ಎಂದರೆ ರಿಸೆಪ್ಷನ್ ಹುಡುಗಿ ಕಿಸಕ್ಕನೆ ನಗುತ್ತಿದ್ದಳು. "ನೋವಿದ್ಯಾ?" ಎನ್ನಲು ಕಲಿತೆ. ಆಮೇಲೆ ನನ್ನ ದನಿ ನನಗೇ ಪರಕೀಯವಾಗಿ ಕೇಳತೊಡಗಿತು.

ಬಿಟಿಎಂನಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟವರು ಗೌರಮ್ಮ. ಲೇಔಟ್ ಆಗುವ ಮೊದಲು ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಭಾನುವಾರ ಕರೆದು ಕೂರಿಸಿ, "ರೊಟ್ಟಿ ತಿಂದು ತಿಂದು ಒಣಗೋಗಿದ್ದೀಯ. ಮುದ್ದೆ ಅಗೀಬೇಡ ಕಣವ್ವ, ನುಂಗು" ಎನ್ನುತ್ತಿದ್ದರು. ಈ ಊರಿನಲ್ಲಿ ನನ್ನನ್ನು ಡಾಕ್ಟರಮ್ಮ ಎಂದು ಕರೆದವರು ಅವರೊಬ್ಬರೇ.

ಒಂದು ಭಾನುವಾರ ಮುದ್ದೆಯನ್ನು ಗೋಲಿಯಷ್ಟೇ ಮುರಿದು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಬಾಯಿ ಅಗಲವಾಗುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಕರೆದು ನೋಡಿದೆ. ಹೊಗೆಸೊಪ್ಪು ಇಟ್ಟುಕೊಳ್ಳುವ ಕೆನ್ನೆಯ ಒಳಗೆ ಗಟ್ಟಿಯಾದ ಹುಣ್ಣು.

"ಅಮ್ಮ, ಇದು ಕ್ಯಾನ್ಸರ್ ಇದ್ರೂ ಇರಬಹುದು. ನಾಳೆನೇ ಓರಲ್ ಸರ್ಜನ್‌ಗೆ ತೋರಿಸ್ಬೇಕು" ಎಂದೆ.

ಅವರ ಮಗ ಮಂಜಣ್ಣ ರೇಗಿದ. "ನೀವೇನು ಸ್ಪೆಷಲಿಸ್ಟಾ ಮೇಡಂ? ದೊಡ್ಡ ರೋಗದ ಹೆಸ್ರು ಹೇಳಿ ಅಮ್ಮನ್ನ ಹೆದರಿಸ್ಬೇಡಿ. ಉಷ್ಣ ಆಗೈತೆ, ಅಷ್ಟೇ."

ಸಿಕ್ಕಾಗಲೆಲ್ಲ ಬೇಡಿಕೊಂಡೆ. ಗೌರಮ್ಮ, "ಮಗ ಬೇಡ ಅಂತವ್ನೆ, ಬಿಡವ್ವ" ಎನ್ನುತ್ತಿದ್ದರು. ಕೊನೆಗೆ ನೀರೂ ಇಳಿಯದಾದಾಗ ಮಂಜಣ್ಣನೇ ಕರೆದುಕೊಂಡು ಹೊರಟ. ಸರ್ಜನ್ ಅರ್ಧ ದವಡೆ ತೆಗೆದರು. ಅಷ್ಟರಲ್ಲಿ ಕ್ಯಾನ್ಸರ್ ಕತ್ತಿಗೂ ಇಳಿದಿತ್ತು.

ಆಮೇಲೆ ಗೌರಮ್ಮ ಆಡಿದ್ದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಬಾಯಿತುಂಬ ಹತ್ತಿ ಇಟ್ಟುಕೊಂಡವರ ಮಾತು ಕೇಳಿ ಪಳಗಿದ ಕಿವಿ ನನ್ನದು. ಮಂಜಣ್ಣ ಮಂಚದ ಪಕ್ಕ ನಿಂತು, "ಅಮ್ಮ ಏನಂದ್ರು ಮೇಡಂ?" ಎಂದು ಕೇಳುತ್ತಿದ್ದ. "ನಿನ್ನ ಊಟ ಆಯ್ತಾ ಅಂತಿದ್ದಾರೆ" ಎನ್ನುತ್ತಿದ್ದೆ. ಗೌರಮ್ಮ ಸಾಯಲು ಬಿಡಿ ಎಂದು ಕೇಳುತ್ತಿದ್ದ ದಿನಗಳಲ್ಲೂ ಹಾಗೆಯೇ ಹೇಳಿದೆ.

ಯುಗಾದಿಗೆ ಮೊದಲು ಅವರು ಹೋದರು. ತಿಥಿಗೆ ಬಂದ ನೆಂಟರು ನಾನು ಯಾರೆಂದು ಕೇಳಿದಾಗ ಮಂಜಣ್ಣ, "ಬಾಡಿಗೆಗವ್ರೆ, ಹುಬ್ಳಿ ಕಡೆಯೋರು" ಎಂದ. ಎಂಟ್ರೆನ್ಸಿನ ಪುಸ್ತಕಗಳನ್ನು ಕಟ್ಟಿಟ್ಟು ಗದಗಿಗೆ ಹೋದೆ. ಊಟಕ್ಕೆ ಕುಳಿತವಳಿಗೆ ಅಳು ತಡೆಯಲಾಗಲಿಲ್ಲ.

"ಮನಿ ಮಾಲಕರು ಸತ್ತರ ಇಷ್ಟ್ಯಾಕ ಅಳತಿಯವ್ವಾ?" ಎಂದಳು ಅವ್ವ.

ರೊಟ್ಟಿಯ ತುತ್ತನ್ನು ಅಗಿಯದೆ, ಮುದ್ದೆಯಂತೆ ನುಂಗಿದೆ.